ಸೇನಾ ನೆಲೆಗಾಗಿ ಊರು ಕಳೆದುಕೊಂಡವರು

ಮಾನ್ಯರೇ,

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲೊಂದಾದ ಡಿಯಾಗೊ ಗಾರ್ಸಿಯಾದಲ್ಲಿರುವ ಅಮೆರಿಕ–ಬ್ರಿಟನ್ ನೌಕಾನೆಲೆ ಕುರಿತ ಚರ್ಚೆಯೆಲ್ಲ ಬಾಂಬರ್ ವಿಮಾನ, ಯುದ್ಧನೌಕೆ, ಚೀನಾ ಎಂಬಲ್ಲಿಗೇ ಮುಗಿಯುತ್ತದೆ. ಅದಕ್ಕಾಗಿ ಮನೆಮಠ ಕಳೆದುಕೊಂಡವರ ಮಾತೇ ಬರುವುದಿಲ್ಲ.

ಮಾರಿಷಸ್ ಸ್ವತಂತ್ರವಾಗುವ ಮೊದಲೇ, 1965ರಲ್ಲಿ ಬ್ರಿಟನ್ ಚಾಗೋಸ್ ದ್ವೀಪಗಳನ್ನು ಅದರಿಂದ ಬೇರ್ಪಡಿಸಿತು. ಮರುವರ್ಷ ಸೇನಾ ನೆಲೆಗಾಗಿ ಅಮೆರಿಕದೊಂದಿಗೆ ಒಪ್ಪಂದವಾಯಿತು. ಪ್ರತಿಯಾಗಿ ಅಮೆರಿಕದ ಪೊಲಾರಿಸ್ ಅಣ್ವಸ್ತ್ರ ಕ್ಷಿಪಣಿಗಳ ವೆಚ್ಚದಲ್ಲಿ 1.4 ಕೋಟಿ ಡಾಲರ್ ರಿಯಾಯಿತಿ ಸಿಕ್ಕಿದ್ದನ್ನು ಬ್ರಿಟನ್ ತನ್ನ ಸಂಸತ್ತಿನಿಂದಲೂ ಮುಚ್ಚಿಟ್ಟಿತು. ತಲೆಮಾರುಗಳಿಂದ ಅಲ್ಲಿನ ತೆಂಗಿನ ತೋಟಗಳಲ್ಲಿ ದುಡಿದವರನ್ನು ತಾತ್ಕಾಲಿಕ ಕೂಲಿಗಳೆಂದು ಕರೆದು, 1973ರೊಳಗೆ ಎಲ್ಲರನ್ನೂ ಹಡಗಿಗೆ ತುಂಬಿ ಮಾರಿಷಸ್, ಸೆಶೆಲ್ಸ್‌ಗಳಲ್ಲಿ ಇಳಿಸಲಾಯಿತು. ಅವರ ಸಾಕುನಾಯಿಗಳನ್ನೂ ಹಿಡಿದು ಕೊಂದರು. ಭಾರತದಿಂದ ಹೋದ ಕೂಲಿಕಾರರ ವಂಶಸ್ಥರೂ ಆ ಜನರಲ್ಲಿದ್ದರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಈ ವಿಭಜನೆ ಕಾನೂನುಬದ್ಧವಾಗಿರಲಿಲ್ಲ ಎಂದು 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯಪಟ್ಟಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಮಾರಿಷಸ್ ನಡುವೆ ಸಹಿಯಾದ ಒಪ್ಪಂದ ಚಾಗೋಸ್ ಮೇಲಿನ ಮಾರಿಷಸ್‌ನ ಸಾರ್ವಭೌಮತ್ವವನ್ನು ಒಪ್ಪಿಕೊಂಡರೂ ಡಿಯಾಗೊ ಗಾರ್ಸಿಯಾವನ್ನು 99 ವರ್ಷ ಬ್ರಿಟನ್ ಕೈಯಲ್ಲೇ ಉಳಿಸುತ್ತದೆ. ಅದರ ಪ್ರಕಾರ ಉಳಿದ ದ್ವೀಪಗಳಲ್ಲಿ ಪುನರ್ವಸತಿಗೆ ಅವಕಾಶವಿದೆ, ಈ ದ್ವೀಪದಲ್ಲಿ ಇಲ್ಲ. ಇದನ್ನು ನ್ಯಾಯ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ವಿಶ್ವಸಂಸ್ಥೆಯಲ್ಲಿ ಮಾರಿಷಸ್ ಪರ ಮತ ಹಾಕಿದ ಭಾರತ, ಅಲ್ಲಿ ಹುಟ್ಟಿದವರು ತಮ್ಮ ಊರಿಗೆ ಮರಳುವ ಹಕ್ಕಿನ ಪರವಾಗಿಯೂ ದನಿ ಎತ್ತಬೇಕು.

– ಓದುಗ, ಕಾರವಾರ