ಗೆಳೆಯನಿಗೊಂದು ಪತ್ರ: ಕುದುರೆಗಾಗಿ ರೈಲು ಹಳಿ ಹಾಕಿಸಿದವನು

ಲೋ ಗೆಳೆಯ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೇ ನಗಲು ಶುರು ಮಾಡುತ್ತೀಯ, ನಾನು ವಿಷಯ ಮರೆಯುತ್ತೇನೆ. ಇಲ್ಲಿ ಎಲ್ಲರೆದುರು ಬರೆದರೆ ನಾಲ್ಕು ಜನ ನೋಡುತ್ತಿರುತ್ತಾರೆ, ನೀನೂ ಮರ್ಯಾದೆಯಿಂದ ಕೊನೆತನಕ ಓದುತ್ತೀಯ. (ಆ ನಾಲ್ವರಿಗೂ ನಮಸ್ಕಾರ. ಹಳದಿ ಕೊಡೆಯ ಪ್ರಸಂಗ ಏನು ಅಂತ ಮಾತ್ರ ಯಾರೂ ಕೇಳಬೇಡಿ. ಅವನೂ ಹೇಳಲ್ಲ.)

ಕೆಲವು ದಿನಗಳಿಂದ ಅರ್ನೆಸ್ಟ್ ಮೆಸೋನಿಯೇ ಅನ್ನುವ ಹಳೇ ಚಿತ್ರಕಾರ ನನ್ನ ತಲೆ ತಿನ್ನುತ್ತಿದ್ದಾನೆ. 1815ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಹುಟ್ಟಿದವನು. ಆಳು ಕುಳ್ಳ, ಗಡ್ಡ ಮಾತ್ರ ಎದೆಯ ಕೆಳಗಿನವರೆಗೆ. ನಮ್ಮ ಮೇಷ್ಟ್ರು ಇವನನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಹೊಸ ಹಾದಿ ಹಿಡಿದ ಚಿತ್ರಕಾರರಾದ ಮಾನೆ, ಮೋನೆ ಕಡೆ ಓಡಿಬಿಟ್ಟಿದ್ದರು, ನೆನಪಿದೆಯಾ? ಆದರೆ ಆ ಕಾಲದಲ್ಲಿ ಓಡುತ್ತಿದ್ದುದು ಇವನದೇ ಕುದುರೆ. ಚೆಸ್ ಆಡುವವರು, ಪುಸ್ತಕ ಓದುವವರು, ಹೀಗೆ ಪುಟ್ಟ ಪುಟ್ಟ ಹಲಗೆಗಳ ಮೇಲೆ ಚಿತ್ರ ಬರೆದು ಹೆಸರು ಮಾಡಿದ. 1855ರಲ್ಲಿ ಇವನ ಒಂದು ಜಗಳದ ಚಿತ್ರವನ್ನು ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಕೊಂಡು ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್‌ಗೆ ಉಡುಗೊರೆ ಕೊಟ್ಟ. ಆಮೇಲೆ ಇವನಿಗೆ ಇತಿಹಾಸದ ಹುಚ್ಚು ಹಿಡಿಯಿತು. ಮೊದಲನೇ ನೆಪೋಲಿಯನ್ನನ ಯುದ್ಧಗಳನ್ನು ಬರೆಯಲು ಕೂತ.

ಕೂತ ಅಂದರೆ ಹೇಗೆ ಅಂತೀಯ! 1864ರ ‘ಫ್ರಾನ್ಸ್ ದಂಡಯಾತ್ರೆ, 1814’ ನೋಡು. ಬಿಳಿ ಕುದುರೆ ಮೇಲೆ ಸೋತ ಮುಖದ ನೆಪೋಲಿಯನ್, ಹಿಂದೆ ದಣಿದ ಸೇನಾಧಿಕಾರಿಗಳು, ಕೆಸರಾದ ಹಿಮ. ಚಿತ್ರದ ಅಗಲ ಒಂದು ಮೀಟರೂ ಇಲ್ಲ. ಅಷ್ಟಕ್ಕೆ ಆ ಬೂದು ಕೋಟಿನ ತದ್ರೂಪು ಹೊಲಿಸಿ, ತಾನೇ ತೊಟ್ಟು, ಕನ್ನಡಿ ಮುಂದೆ ಕೂತನಂತೆ. ದಾರಿಗೆ ಬೇರೆ ಏರ್ಪಾಡು. ಸ್ಟುಡಿಯೋದಲ್ಲಿ ಗಿಡ್ಡ ಕಟ್ಟೆಯ ಮೇಲೆ ಜೇಡಿಮಣ್ಣು ಮೆತ್ತಿ, ಚಕ್ರ ಉರುಳಿಸಿ ಜಾಡು ಮೂಡಿಸಿ, ಮೇಲೆ ಹಿಟ್ಟು, ಉಪ್ಪು ಉದುರಿಸಿದನಂತೆ. ಹಿಮ ರೆಡಿ.

ಕುದುರೆ ಓಡುವಾಗ ಕಾಲು ಎಲ್ಲಿರುತ್ತದೆ ಅನ್ನುವುದು ಇವನಿಗೆ ಜೀವನದ ಪ್ರಶ್ನೆ. ಪ್ಯಾರಿಸ್ ಪಕ್ಕದ ಪ್ವಾಸಿಯಲ್ಲಿ ಇವನಿಗೆ ದೊಡ್ಡ ಮನೆಯಿತ್ತು. ಅಲ್ಲಿ ಪುಟ್ಟ ರೈಲು ಹಳಿ ಹಾಕಿಸಿದ. ಪಕ್ಕದಲ್ಲಿ ಕುದುರೆ ನಾಗಾಲೋಟದಲ್ಲಿ ಓಡಬೇಕು. ಹಳಿಯ ಮೇಲಿನ ಗಾಡಿಯಲ್ಲಿ ಈ ಗಡ್ಡದವನು ಕೂತು ಸ್ಕೆಚ್ ಮಾಡಬೇಕು. ಹಾಗೆ ಹತ್ತು ವರ್ಷಕ್ಕೂ ಮೀರಿ ಎಳೆದು, 1875ರಲ್ಲಿ ‘ಫ್ರೀಡ್‌ಲಾಂಡ್, 1807’ ಮುಗಿಸಿದ. ತುಳಿದುಹೋದ ಗೋಧಿ ಹೊಲ, ಎದೆಕವಚ ತೊಟ್ಟ ಸವಾರರು, ದಿಬ್ಬದ ಮೇಲೆ ಟೋಪಿ ಎತ್ತಿದ ನೆಪೋಲಿಯನ್. ಅಮೆರಿಕದ ವ್ಯಾಪಾರಿ ಸ್ಟೀವರ್ಟ್ 60,000 ಡಾಲರ್ ಕೊಟ್ಟು ಕೊಂಡ. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದನ್ನು ನೋಡಿ ಮಾನೆ, ‘ಎಲ್ಲವೂ ಉಕ್ಕಿನದೇ, ಎದೆಕವಚ ಒಂದು ಬಿಟ್ಟು’ ಅಂದನಂತೆ. ಒಂದೇ ಮಾತಿಗೆ ಅಷ್ಟೂ ವರ್ಷ ಠುಸ್.

ಬಿರುದು, ದುಡ್ಡು ಕಡಿಮೆಯಾಗಲಿಲ್ಲ. 1890ರಲ್ಲಿ ಆ 1814ರ ಚಿತ್ರ 8,50,000 ಫ್ರಾಂಕಿಗೆ ಹೋಯಿತು. ಮರುವರ್ಷ ತೀರಿಕೊಂಡ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ತೋಟದಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. 1960ರ ದಶಕದಲ್ಲಿ ಅದನ್ನು ಅಲ್ಲಿಂದ ಎತ್ತಿಬಿಟ್ಟರು, ಈಗ ಪ್ವಾಸಿಯಲ್ಲಿದೆ. ಈ ಭಾಗ ಓದಿ ಎಲ್ಲರೂ ಮುಸಿಮುಸಿ ನಗುತ್ತಾರೆ. ನನಗೆ ನಗು ಬರಲಿಲ್ಲ ಕಣೋ.

ಯಾಕೆ ಅಂದರೆ, ಇವನದೇ ಇನ್ನೊಂದು ಚಿತ್ರವಿದೆ. 1848ರ ಜೂನ್‌ನಲ್ಲಿ ಪ್ಯಾರಿಸ್ಸಿನ ಕೆಲಸಗಾರರು ದಂಗೆ ಎದ್ದರು. ಮೆಸೋನಿಯೇ ಸರ್ಕಾರದ ಕಡೆ, ನ್ಯಾಷನಲ್ ಗಾರ್ಡ್‌ನಲ್ಲಿ ಫಿರಂಗಿ ದಳದ ಕ್ಯಾಪ್ಟನ್. ಒಂದು ಗಲ್ಲಿಯಲ್ಲಿ ದಂಗೆಕೋರರು ಕಟ್ಟಿದ್ದ ಅಡ್ಡಗಟ್ಟೆ ಬಿದ್ದಾಗ ಅಲ್ಲೇ ಇದ್ದ. ಕಂಡದ್ದನ್ನು ಜಲವರ್ಣದಲ್ಲಿ ಬರೆದ, ಆಮೇಲೆ ಎಣ್ಣೆ ಬಣ್ಣದಲ್ಲಿ. ಆ ಹಲಗೆಯ ಎತ್ತರ ಒಂದು ಅಡಿಯೂ ಇಲ್ಲ. ಕಿತ್ತುಹೋದ ಬೀದಿಕಲ್ಲು. ಕಲ್ಲಿನ ಮಧ್ಯೆ ಹೆಣಗಳು. ಯಾವುದು ಕಲ್ಲು, ಯಾವುದು ಮನುಷ್ಯ ಅಂತ ತಿಳಿಯಲು ಒಂದು ಕ್ಷಣ ಬೇಕು. ಕುದುರೆ ಇಲ್ಲ, ಹೀರೋ ಇಲ್ಲ, ಹಿಟ್ಟು ಉದುರಿಸಿದ್ದೂ ಇಲ್ಲ. ಆ ಜಲವರ್ಣವನ್ನು ಗೆಳೆಯ, ಚಿತ್ರಕಾರ ದೆಲಕ್ರ್ವಾಗೆ ಕೊಟ್ಟುಬಿಟ್ಟ. ಆಗ ವಯಸ್ಸು ಮೂವತ್ತಮೂರು. ನನ್ನನ್ನು ಕೇಳಿದರೆ, ಅದಾದ ಮೇಲೆ ನಲವತ್ತು ವರ್ಷ ಅವನು ಅದಕ್ಕಿಂತ ಒಳ್ಳೆಯದನ್ನು ಬರೆಯಲಿಲ್ಲ. ಬರೀ ತಯಾರಿ ಜಾಸ್ತಿ ಆಯಿತು.

ಇನ್ನೊಂದು ಸಂಗತಿ ಇದೆ. ಕಮ್ಯೂನ್ ಅನ್ನುವ ಪ್ಯಾರಿಸ್ಸಿನ ದಂಗೆಯ ಗಲಾಟೆಯಲ್ಲಿ ಸೇರಿ, ಜೈಲಿಗೂ ಹೋಗಿಬಂದಿದ್ದ ಚಿತ್ರಕಾರ ಕೂರ್ಬೆಯ ಚಿತ್ರಗಳು 1872ರ ಸಲೋನ್‌ಗೆ, ಅಂದರೆ ಪ್ಯಾರಿಸ್ಸಿನ ಸರ್ಕಾರಿ ಚಿತ್ರಪ್ರದರ್ಶನಕ್ಕೆ, ಬಂದವು. ಆಯ್ಕೆ ಸಮಿತಿಯಲ್ಲಿ ಅವನ ವಿರುದ್ಧ ಮುಂದೆ ನಿಂತವನು ಮೆಸೋನಿಯೇ. ಅವನು ನಮ್ಮ ಪಾಲಿಗೆ ಸತ್ತ ಹಾಗೆ ಅಂತ ತಳ್ಳಿಸಿದ. ಓದಿದಾಗ ನನಗೆ ಸಿಟ್ಟು ಬರಬೇಕಿತ್ತು, ಅಲ್ವಾ? ಬರಲಿಲ್ಲ. ಅವನಲ್ಲಿ ನನ್ನದೇ ಗುರುತು ಸಿಕ್ಕಿದ ಹಾಗಾಯಿತು.

ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ನೀನು ಔಷಧಿ ಚೀಟಿಯ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದೆಯಲ್ಲ, ಕಾರಿಡಾರಿನ ಬೆಂಚು, ಕೆಳಗೆ ಒಂದು ಜೊತೆ ಚಪ್ಪಲಿ. ನೀನು ಹಾಕಿದ ತಕ್ಷಣ ಹಾರ್ಟ್ ಒತ್ತಿದವನು ನಾನೇ. ಆಮೇಲೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ತಪ್ಪು ಹುಡುಕಿದೆ. ಬೆಂಚಿನ ಎಡಗಾಲಿನ ಕೋನ ಸರಿಯಿಲ್ಲ. ಸಿಕ್ಕಿತಲ್ಲ ಅಂತ ಖುಷಿಪಟ್ಟೆ. ನಿಮ್ಮಮ್ಮ ಒಳಗೆ ಹಾಗಿರುವಾಗ ನಾನು ಇಲ್ಲಿ ಬೆಂಚಿನ ಕಾಲು ಅಳೆಯುತ್ತಿದ್ದೆ ಮಾರಾಯ. ಆ ಚಿತ್ರ ನನ್ನಿಂದ ಆಗುತ್ತಿರಲಿಲ್ಲ. ನಾನಾಗಿದ್ದರೆ ಮೊದಲು ಆಸ್ಪತ್ರೆ ಬೆಂಚುಗಳ ಫೋಟೋ ಸೇರಿಸುತ್ತಿದ್ದೆ. ನನ್ನ ಸಂತೆ ಚಿತ್ರ ಗೊತ್ತಲ್ಲ. ಗಾಡಿಚಕ್ರದ ಅಳತೆ ಇದೆ, ತಕ್ಕಡಿಯ ಫೋಟೋ ಇದೆ, ಸೀರೆ ಅಂಚಿಗೆಂದೇ ಒಂದು ಫೈಲ್ ಇದೆ. ಕ್ಯಾನ್ವಾಸ್ ಮಾತ್ರ ಇನ್ನೂ ಬೆಳ್ಳಗಿದೆ. ಅದಕ್ಕೆ ಹೆದರಿಕೆ ಅನ್ನದೆ ರಿಸರ್ಚ್ ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ. ಮೆಸೋನಿಯೇ ಹಳಿ ಹಾಕಿಸಿ ಕುದುರೆಯನ್ನಾದರೂ ಓಡಿಸಿದ. ನನ್ನದು ಬರೀ ಹಳಿ.

ಥೂ, ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಅಳಿಸೋಣ ಅಂದರೆ ಕೊನೆಯ ಸಾಲು ಚೆನ್ನಾಗಿ ಬಂದುಬಿಟ್ಟಿದೆ, ಹೊಟ್ಟೆಕಿಚ್ಚಿನಲ್ಲೂ ಶೈಲಿ ಬಿಡಬಾರದು. ನೀನೀಗ ಕೆಳಗೆ ಬಂದು ‘ಎರೇಸರ್’ ಅಂತ ಒಂದೇ ಪದ ಬರೆದು ಹೋಗುತ್ತೀಯ, ಗೊತ್ತು. ಬರಿ.

ಅಂದಹಾಗೆ ಸಂತೆ ಚಿತ್ರಕ್ಕೆ ಒಂದು ಎತ್ತು ಬೇಕು. ಅಲುಗಾಡದೆ ಸುಮ್ನೆ ನಿಲ್ಲುವಂಥದ್ದು ನಿಮ್ಮೂರಲ್ಲಿ ಇದ್ದರೆ ಹೇಳು. ಸಿಗದಿದ್ದರೆ ಭಾನುವಾರ ನೀನೇ ಬಾ. ಅಳತೆ ಟೇಪು ತೆಗೆದಿಟ್ಟಿರುತ್ತೇನೆ.

ನಿನ್ನ,
ಹಳದಿ ಕೊಡೆ