ಮಗಳಿಗೊಂದು ಪತ್ರ: ನೀನು ಕಳಿಸಿದ ವಾಫಲ್ ಯಂತ್ರ

ತೀರ್ಥಹಳ್ಳಿ
ಆಷಾಢದ ಒಂದು ಸಂಜೆ

ಪ್ರೀತಿಯ ಮಗಳೇ,

ಹಿಟ್ಟನ್ನು ಎರಡು ಗುಳಿಗುಳಿ ಅಚ್ಚುಗಳ ನಡುವೆ ಒತ್ತಿ ಬೇಯಿಸುವ ನಿನ್ನ ವಾಫಲ್ ಯಂತ್ರ ಭಾನುವಾರವೇ ತಲುಪಿತು. ಪೆಟ್ಟಿಗೆ ಬಿಚ್ಚುತ್ತಿದ್ದಂತೆ ಕರೆಂಟ್ ಹೋಯಿತು, ಬಂದದ್ದು ಮಂಗಳವಾರ. ಇನ್ವರ್ಟರಿಗೆ ಹಾಕೋಣವೆಂದರೆ ಯಂತ್ರದ ಅಡಿಯಲ್ಲಿ 1000 ವ್ಯಾಟ್ ಎಂದು ಬರೆದಿದೆ. ನಮ್ಮದು ನಾಲ್ಕು ದೀಪಕ್ಕೇ ಏದುಸಿರು ಬಿಡುತ್ತದೆ. ಆ ಎರಡು ದಿನ ಪ್ಯಾನ್‌ಕೇಕಿನಲ್ಲಿ ಕೈ ಪಳಗಿಸಿಕೊಂಡೆ.

ಅದಕ್ಕೆ ದೋಸೆ ಕಾವಲಿಯೇ ಸಾಕು. ಒಂದು ಲೋಟ ಮೈದಾ, ಹೆಚ್ಚುಕಡಿಮೆ ಅಷ್ಟೇ ಹಾಲು, ಎರಡು ಚಿಕ್ಕ ಚಮಚ ಬೇಕಿಂಗ್ ಪೌಡರ್, ಸ್ವಲ್ಪ ಸಕ್ಕರೆ, ಒಂದು ಚಮಚ ಬೆಣ್ಣೆ. ಮೊಟ್ಟೆ ಒಂದು ಸಾಕಂತೆ, ನಮ್ಮ ನಾಟಿ ಕೋಳಿಯದು ನಿಂಬೆಹಣ್ಣಿನಷ್ಟಿರುವುದರಿಂದ ಎರಡು ಒಡೆದೆ. ಜಗಳ ಹುಟ್ಟಿದ್ದು ಕಲಸುವಾಗ. ಸಣ್ಣ ಗಂಟುಗಳಿದ್ದರೂ ನಾನು ಕೈ ನಿಲ್ಲಿಸಿದೆ. ನಿನ್ನ ಅಮ್ಮ ‘ಇದೆಂಥ ಅಸಡ್ಡೆ’ ಎಂದು ಸೌಟು ಕಸಿದುಕೊಂಡು ನೀರುದೋಸೆ ಹಿಟ್ಟಿನಂತೆ ತಿರುವಿದಳು. ಅಕ್ಕಿಹಿಟ್ಟನ್ನು ಎಷ್ಟು ತಿರುವಿದರೂ ತೊಂದರೆಯಿಲ್ಲ. ಮೈದಾದಲ್ಲಿ ಗ್ಲುಟೆನ್ ಇದೆ, ಕಲಸಿದಷ್ಟೂ ಜಿಗುಟು ಬಲಿಯುತ್ತದೆ. ಅವಳದು ಚಪ್ಪಲಿಯ ಅಟ್ಟೆಯಂತೆ ಬಂತು. ನಾನು ಹೀಗೆ ಬರೆದೆನೆಂದು ಫೋನಿನಲ್ಲಿ ಹೇಳಬೇಡ.

ನನ್ನ ಪೆಟ್ಟು ಮಂಗಳವಾರಕ್ಕೆ ಕಾದಿತ್ತು. ಅದೇ ಹಿಟ್ಟನ್ನು ಯಂತ್ರಕ್ಕೆ ಸುರಿದು, ಎರಡೇ ನಿಮಿಷಕ್ಕೆ ಕುತೂಹಲ ತಡೆಯದೆ ಮುಚ್ಚಳ ಎತ್ತಿದೆ. ವಾಫಲ್ ನಡುವೆ ಸೀಳಿ ಅರ್ಧ ಮೇಲಿನ ಅಚ್ಚಿಗೆ, ಅರ್ಧ ಕೆಳಗಿನದಕ್ಕೆ ಅಂಟಿಕೊಂಡಿತು. ಆ ಗುಳಿಗಳಿಂದ ಅದನ್ನು ಕೆರೆಯಲು ಹಲ್ಲುಕಡ್ಡಿಗಳೇ ಬೇಕಾದವು. ಮರುದಿನ ಬೆಣ್ಣೆ ಐದು ಚಮಚಕ್ಕೆ ಏರಿಸಿದೆ, ಹಾಲು ಇಳಿಸಿದೆ, ಮೊಟ್ಟೆಯ ಬಿಳಿಯನ್ನು ಬೇರೆಯಾಗಿ ನೊರೆ ಬರುವಂತೆ ಕಡೆದು ಕೊನೆಗೆ ಬೆರೆಸಿದೆ. ಎರಡು ಚಮಚ ಅಕ್ಕಿಹಿಟ್ಟು ನನ್ನ ಸ್ವಂತ ಬುದ್ಧಿ. ಯಂತ್ರದ ಅಂಚಿನಿಂದ ಏಳುವ ಹಬೆ ನಿಲ್ಲುವವರೆಗೆ ಮುಟ್ಟಲಿಲ್ಲ. ಹೊರಗೆ ಗರಿಗರಿ, ಒಳಗೆ ಮೃದು!

ಆದರೆ ಹತ್ತೇ ನಿಮಿಷ. ಗೋಡೆಯೇ ಬೆವರುವ ಈ ಮಳೆಯಲ್ಲಿ ವಾಫಲ್ ಎಷ್ಟು ಹೊತ್ತು ತಾಳೀತು? ತಟ್ಟೆಯಲ್ಲಿ ಪೇರಿಸಿದ್ದು ಇನ್ನೂ ದೊಡ್ಡ ತಪ್ಪು, ಒಂದರ ಹಬೆಗೆ ಇನ್ನೊಂದು ಮೆತ್ತಗಾಯಿತು. ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಬಿಡಿಬಿಡಿಯಾಗಿ ಇಟ್ಟರೆ ಸ್ವಲ್ಪ ಉಳಿಯುತ್ತದೆ. ಸಾಗರದ ಕಡೆಯ ತೊಡದೇವು ನೆನಪಾಯಿತು. ಬೋರಲು ಮಡಕೆಯ ಮೇಲೆ ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಎಳೆಯುತ್ತಾರಲ್ಲ, ಅದು. ಗರಿಗರಿ ಎಂದರೆ ನನಗೆ ಇಂದಿಗೂ ಅದೇ.

ಮೇಪಲ್ ಸಿರಪ್ ಕಳಿಸುವ ಖರ್ಚು ಬೇಡ. ಸುಮಾರು 40 ಲೀಟರ್ ಮರದ ರಸ ಕುದಿಸಿದರೆ ಒಂದು ಲೀಟರ್ ಸಿರಪ್ಪಂತೆ. ಅಲ್ಲಿಯವರದೂ ಒಂದು ಬಗೆಯ ಆಲೆಮನೆಯೇ ಅನ್ನು. ಮನೆಯಲ್ಲಿ ಜೋನಿ ಬೆಲ್ಲ ಇದೆ. ಪ್ಯಾನ್‌ಕೇಕ್ ಅದನ್ನು ಹೀರಿ ಒದ್ದೆಯಾಗುತ್ತದೆ, ವಾಫಲ್ಲಿನ ಗುಳಿಗಳಲ್ಲಿ ಅದು ಕೆರೆಯಂತೆ ನಿಲ್ಲುತ್ತದೆ. ಈ ಒಂದು ವಿಷಯದಲ್ಲಿ ನಿನ್ನ ಯಂತ್ರಕ್ಕೇ ನನ್ನ ಮತ.

ಮುಂದಿನ ತಿಂಗಳು ಬರುವಾಗ ಒಂದು ಡಬ್ಬಿ ಬೇಕಿಂಗ್ ಪೌಡರ್ ತಾ. ಇಲ್ಲಿಯದು ಥಂಡಿ ಹಿಡಿದು ಸತ್ತಿದೆ. ನಿನ್ನೆ ಬಿಸಿನೀರಿಗೆ ಒಂದು ಚಮಚ ಹಾಕಿ ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ.

ನಿನ್ನ
ಅಪ್ಪ