ಚಾಕ್‌ನಲ್ಲಿ ಬರೆದ 10:40

ಮೊನ್ನೆ ನಮ್ಮೂರ ತೇರು ಮುಗಿಯಿತು. ಹೋದ ವರ್ಷ ತೇರಿಗೆ ಇನ್ನು ಆರು ದಿನ ಇರುವಾಗ ನನಗೆ ಸ್ಟ್ರೋಕ್ ಆಗಿತ್ತು. ಈ ಸಲ ದೇವಸ್ಥಾನದ ಬೀದಿಯಲ್ಲಿ ನಿಂತು ತೇರಿಗೆ ಬಾಳೆಹಣ್ಣು ಎಸೆದೆ. ಬಲಗೈಯಲ್ಲೇ ಎಸೆದೆ. ಹಣ್ಣು ತೇರಿನವರೆಗೆ ಹೋಗಲಿಲ್ಲ, ಮುಂದೆ ನಿಂತಿದ್ದವರೊಬ್ಬರ ಹೆಗಲ ಮೇಲೆ ಬಿತ್ತು. ಬೈಯಲು ಅಂತ ತಿರುಗಿದವರು ನನ್ನನ್ನು ಕಂಡು ನಕ್ಕುಬಿಟ್ಟರು. ಅವರಿಗೂ ಸೇರಿಸಿ, ಒಂದು ವರ್ಷದಿಂದ ಬಾಕಿ ಇರುವ ಥ್ಯಾಂಕ್ಸ್ ಇದು.

ನಾನು ಬೇಲೂರಿನಲ್ಲಿ ಟೈಲರ್. ವಯಸ್ಸು 57, ಶುಗರ್ ಬಂದು 14 ವರ್ಷ. ಇದರಲ್ಲಿ ಅರ್ಧ ನಾನೇ ಬಲಗೈ ಹೆಬ್ಬೆರಳಲ್ಲಿ ಟೈಪ್ ಮಾಡಿದ್ದು, ಉಳಿದದ್ದು ಮಗಳ ಕೈಲಿ ಬರೆಸಿದ್ದು. ತಪ್ಪು ಕಂಡರೆ ಅವಳದು. ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಕೆಲವರ ಹೆಸರೇ ನನಗೆ ಗೊತ್ತಿಲ್ಲ. ಗೊತ್ತಿರುವವರು 'ನಮ್ಮ ಹೆಸರು ಹಾಕಬೇಡಿ' ಅಂದಿದ್ದಾರೆ. ಓದಿದರೆ ಅವರವರಿಗೆ ತಿಳಿಯುತ್ತದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಶುಗರ್ ಇರುವವರ ಮನೆಯಲ್ಲಿ ಏನಾದರೂ ಅದನ್ನು ಶುಗರ್ ತಲೆಗೇ ಕಟ್ಟುವುದು ಅಭ್ಯಾಸ. ಸುಸ್ತಾದರೆ ಶುಗರ್, ಕಣ್ಣು ಮಂಜಾದರೆ ಶುಗರ್, ಕೋಪ ಬಂದರೂ ಶುಗರ್. ನನ್ನ ಎರಡೂ ಪಾದ ಜೋಮು ಹಿಡಿದು ನಾಲ್ಕೈದು ವರ್ಷ ಆಗಿತ್ತು. ಯಾವಾಗಲೂ ದಪ್ಪ ಕಾಲುಚೀಲ ಹಾಕಿಕೊಂಡ ಹಾಗೆ. ಅದಕ್ಕೇ, ಸ್ಟ್ರೋಕ್‌ಗೆ ಎರಡು ದಿನ ಮುಂಚೆ ಬಲಗೈ ಮರಗಟ್ಟಿ ಕತ್ತರಿ ಜಾರಿ ಬಿದ್ದಾಗ 'ಓ, ಈಗ ಕೈಗೂ ಬಂತು' ಅಂದುಕೊಂಡು ಟೀ ಕುಡಿಯಲು ಹೋದೆ. ಹತ್ತು ನಿಮಿಷದಲ್ಲಿ ಕೈ ಸರಿಹೋಯಿತು. ಸರಿಹೋಯಿತಲ್ಲ, ಇನ್ನೇನು?

ಆಮೇಲೆ ಡಾಕ್ಟರ್ ಹೇಳಿದರು: ಅವತ್ತು ಮಿದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಹರಿದಿದೆ. ಹಾಗಾದ ಮೇಲೆ ಮೊದಲ ಎರಡು ದಿನವೇ ಭಯ ಜಾಸ್ತಿ. ಅವತ್ತೇ ಓಡಿ ಬರಬೇಕಿತ್ತು. ಶುಗರ್‌ನ ಜೋಮು ವರ್ಷಗಟ್ಟಲೆ ನಿಧಾನಕ್ಕೆ, ಎರಡೂ ಕಾಲಿಗೆ ಹತ್ತುತ್ತದೆ. ಸ್ಟ್ರೋಕ್ ಸಾಮಾನ್ಯವಾಗಿ ಒಂದೇ ಕಡೆಗೆ, ಇದ್ದಕ್ಕಿದ್ದ ಹಾಗೆ ಬರುತ್ತದೆ. ಇಷ್ಟನ್ನು ಯಾರಾದರೂ ಮುಂಚೆ ಹೇಳಿದ್ದರೆ ಅಂತ ಅನಿಸುತ್ತದೆ. ಹೇಳಿದ್ದರೂ ಕೇಳುತ್ತಿರಲಿಲ್ಲವೇನೋ. ಬಿಪಿ ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತು, ಅದನ್ನೂ ಮನೆಯಲ್ಲಿ ಹೇಳಿರಲಿಲ್ಲ.

ಆ ದಿನ ಅಂಗಡಿ ತುಂಬ ತೇರಿನ ಬಟ್ಟೆ. ನರ್ಸಿಂಗ್ ಓದುವ ಹುಡುಗಿಯೊಬ್ಬಳು ರಜಕ್ಕೆ ಬಂದಿದ್ದಳು. ಬ್ಲೌಸ್ ಅರ್ಜೆಂಟ್ ಅಂತ ನನ್ನೆದುರಿಗೇ ನಿಂತಿದ್ದಳು. ನಾನು ಲೈನಿಂಗ್ ಬಟ್ಟೆ ಹಾಸಿ ಚಾಕ್‌ನಲ್ಲಿ ಗುರುತು ಹಾಕುತ್ತಿದ್ದೆ. ನೇರ ಹೋಗುತ್ತಿದ್ದ ಗೆರೆ ಒಮ್ಮೆಗೇ ಕೆಳಕ್ಕೆ ಜಾರಿತು. ಚಾಕ್ ಬಿತ್ತು. 'ಏನಾಯ್ತು ಮಾಮ?' ಅಂದಳು. 'ಏನಿಲ್ಲ ಕಣಮ್ಮ' ಅಂದೆ. ನನ್ನ ಕಿವಿಗೆ ಹಾಗೇ ಕೇಳಿಸಿತು. ಅವಳಿಗೆ ಬರೀ ಗೊರಗೊರ ಸದ್ದು ಕೇಳಿಸಿತಂತೆ.

ನಮ್ಮೂರಿಗೆ ದೇವಸ್ಥಾನದ ಶಿಲಾಬಾಲಿಕೆ ದರ್ಪಣ ಸುಂದರಿಯನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನೂರಾರು ವರ್ಷದಿಂದ ಅವಳು ಕನ್ನಡಿ ನೋಡಿಕೊಳ್ಳುತ್ತಲೇ ಇದ್ದಾಳೆ. ಆ ದಿನ ನಾನು ಅಂಗಡಿಯ ಕನ್ನಡಿಯಲ್ಲಿ ನನ್ನ ಮುಖ ನೋಡಿದೆ. ಬಾಯಿಯ ಬಲಗಡೆ ಜೋತುಬಿದ್ದಿತ್ತು, ಹೆಮ್ಮಿಂಗ್ ಬಿಚ್ಚಿದ ಪ್ಯಾಂಟಿನ ಅಂಚಿನ ಹಾಗೆ.

'ನಗಿ ಮಾಮ' ಅಂದಳು. 'ಎರಡೂ ಕೈ ಮೇಲೆತ್ತಿ' ಅಂದಳು. ಎಡಗೈ ಹೋಯಿತು, ಬಲಗೈ ಅರ್ಧಕ್ಕೆ ಹೋಗಿ ಇಳಿಯಿತು. ಅಷ್ಟೇ, 108ಕ್ಕೆ ಫೋನ್ ಮಾಡಿದಳು. ಬಿದ್ದಿದ್ದ ಚಾಕ್ ಎತ್ತಿಕೊಂಡು, ಮೊಬೈಲ್ ನೋಡಿ, ತನ್ನದೇ ಬ್ಲೌಸಿನ ಲೈನಿಂಗ್ ಮೇಲೆ ದೊಡ್ಡದಾಗಿ 10:40 ಅಂತ ಬರೆದಳು. ಪಕ್ಕದ ಮೆಡಿಕಲ್‌ನವರು ಮಿಷನ್ ತಂದು ಬೆರಳು ಚುಚ್ಚಿದರು. 312. ಶುಗರ್ ತೀರಾ ಇಳಿದರೂ ಸ್ಟ್ರೋಕ್ ಥರಾನೇ ಕಾಣಿಸುತ್ತದಂತೆ, ಅದಕ್ಕೆ ನೋಡಿಸಿದ್ದು. ಅಷ್ಟರಲ್ಲಿ ಎದುರಂಗಡಿಯವರು ಪಾಪ, ಪ್ರೀತಿಯಿಂದ ಒಂದು ಲೋಟ ಸಕ್ಕರೆ ನೀರು ಹಿಡಿದು ಬಂದಿದ್ದರು. 'ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ' ಅಂತ ಇವಳು ಲೋಟ ಕಿತ್ತುಕೊಂಡಳಂತೆ. ಇನ್ನೊಬ್ಬರು ಪಾರಿವಾಳದ ರಕ್ತ ಹಚ್ಚೋಣ ಅಂದರಂತೆ. ಆ ಪಾರಿವಾಳದ ಪರವಾಗಿಯೂ ಅವಳಿಗೆ ಥ್ಯಾಂಕ್ಸ್.

108ರಲ್ಲಿ ಬಂದ ಇಬ್ಬರು ಅಣ್ಣಂದಿರಿಗೆ. ಬೇಲೂರಿನಿಂದ ಹಾಸನಕ್ಕೆ 40 ಕಿಲೋಮೀಟರ್ ಹತ್ತಿರ. ದಾರಿಯಲ್ಲಿ ಸಿಗುವ ಯಾವುದೋ ಒಂದು ಕಡೆ ತೋರಿಸಿ ಹೋಗೋಣ ಅಂತ ನಮ್ಮವರು ಅಂದದ್ದಕ್ಕೆ, 'ಬೇಡ, ಸಿ.ಟಿ. ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು' ಅಂದರು. ಹಗರೆ ದಾಟುವ ಮುಂಚೆಯೇ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದ್ದರು.

ಅಲ್ಲಿ ಮೊದಲು ಕೇಳಿದ ಪ್ರಶ್ನೆಯೇ 'ಎಷ್ಟು ಗಂಟೆಗೆ ಶುರುವಾಯಿತು?' ನನ್ನ ಹೆಂಡತಿಗೆ ಬಾಯೇ ಬರಲಿಲ್ಲ. ಮಡಿಚಿ ಹಿಡಿದಿದ್ದ ಲೈನಿಂಗ್ ಬಟ್ಟೆ ಬಿಡಿಸಿ ತೋರಿಸಿದಳು. ಡಾಕ್ಟರ್ ಒಂದು ಕ್ಷಣ ಬಟ್ಟೆ ನೋಡಿದರಂತೆ, ಆಮೇಲೆ ಗಡಿಯಾರ ನೋಡಿದರಂತೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಅನ್ನು ಸ್ಟ್ರೋಕ್ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಯಾವಾಗ ಶುರುವಾಯಿತು ಅಂತ ಗೊತ್ತಿಲ್ಲದಿದ್ದರೆ ಸಾಮಾನ್ಯವಾಗಿ ಕೊಡಲು ಹಿಂದೆಮುಂದೆ ನೋಡುತ್ತಾರೆ. ಸ್ಕ್ಯಾನ್‌ನಲ್ಲಿ ತಲೆಯೊಳಗೆ ರಕ್ತ ಸೋರಿಲ್ಲ ಅಂತ ಖಾತ್ರಿಯಾಗಬೇಕು. ಬಿಪಿ 185/110ಕ್ಕಿಂತ ಕೆಳಗಿರಬೇಕು. ನನ್ನದು ಮೇಲಿತ್ತು, ಔಷಧಿ ಕೊಟ್ಟು ಇಳಿಸಿದರು. ಈ ಇಂಜೆಕ್ಷನ್‌ನಿಂದ ಕೆಲವರಿಗೆ ತಲೆಯೊಳಗೇ ರಕ್ತಸ್ರಾವ ಆಗಬಹುದು ಅಂತಲೂ ಮುಚ್ಚಿಡದೆ ಹೇಳಿದರು. ಸಹಿ ಹಾಕಿದ್ದು ಮಗಳು. ಆಗ ಅವಳಿಗೆ 22. ಆ ಸಹಿಯ ಬಗ್ಗೆ ಅವಳು ನನ್ನ ಹತ್ತಿರ ಇವತ್ತಿಗೂ ಮಾತಾಡಿಲ್ಲ. ಈಗ ಇದನ್ನು ಟೈಪ್ ಮಾಡುತ್ತಾ ಸುಮ್ನೆ ಕೂತಿದ್ದಾಳೆ. ಥ್ಯಾಂಕ್ಸ್ ಕಣೇ. 12:55ಕ್ಕೆ ಇಂಜೆಕ್ಷನ್ ಏರಿಸಿದರು.

ವಾರ್ಡ್‌ನ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರಿದ್ದರು. ತುಂಬಾ ಗದರುತ್ತಿದ್ದರು. ನುಂಗಲು ಬರುತ್ತಾ ಅಂತ ನೋಡಲು ಚಮಚದಲ್ಲಿ ನೀರು ಕೊಟ್ಟರು, ನಾನು ಕೆಮ್ಮಿದೆ. ಮೂರು ದಿನ ಮೂಗಿನ ಟ್ಯೂಬಲ್ಲೇ ಊಟ. ನನ್ನ ಹೆಂಡತಿ ಕದ್ದು ಎರಡು ಗುಟುಕು ಕಾಫಿ ಕುಡಿಸಲು ನೋಡಿ ಸಿಕ್ಕಿಬಿದ್ದಳು. ಎಂಥಾ ಬೈಗುಳ! ಹೊಟ್ಟೆಗೆ ಹೋಗಬೇಕಾದ್ದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಿ ಸಾಯುವವರು ಎಷ್ಟೋ ಜನ, ಅದರಲ್ಲೂ ಶುಗರ್ ಇದ್ದರೆ ಸೋಂಕು ಬೇಗ ಹಿಡಿಯುತ್ತದೆ ಅಂತ ಆಮೇಲೆ ಸಮಾಧಾನವಾಗಿ ಹೇಳಿದರು. ಗಂಟೆ ಗಂಟೆಗೂ ಬಿಡದೆ ಬೆರಳು ಚುಚ್ಚಿ ಶುಗರ್ ನೋಡುತ್ತಿದ್ದವರೂ ಅವರೇ. 140ರಿಂದ 180ರ ನಡುವೆ ಇಡಬೇಕು. ಏರಿದರೆ ಪೆಟ್ಟು ತಿಂದ ಮಿದುಳಿಗೆ ಇನ್ನಷ್ಟು ಪೆಟ್ಟು, ಇನ್ಸುಲಿನ್ ಜಾಸ್ತಿಯಾಗಿ ತೀರಾ ಇಳಿದರೆ ಅದೂ ಕೆಟ್ಟದ್ದು. ಶುಗರ್ ಇರುವವರಿಗೆ ಸ್ಟ್ರೋಕ್ ಬರುವ ಭಯವೂ ಜಾಸ್ತಿ, ಬಂದ ಮೇಲೆ ಉಳಿಯುವುದೂ ಕಷ್ಟ, ಇನ್ನೊಮ್ಮೆ ಬರುವ ಭಯವೂ ಜಾಸ್ತಿ. ಡಾಕ್ಟರ್ ಇದನ್ನು ಹೇಳಿದಾಗ ನನಗೆ ಪೂರ್ತಿ ಅರ್ಥವಾಗಲಿಲ್ಲ. ಪಕ್ಕದ ಬೆಡ್ ನೋಡಿ ಅರ್ಥವಾಯಿತು.

ಆ ಬೆಡ್‌ನಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟದವರು. ನನಗಿಂತ ಎರಡು ವರ್ಷ ಚಿಕ್ಕವರು, ಅವರಿಗೂ ಶುಗರ್. ಬೆಳಿಗ್ಗೆ ಏಳುವಾಗ ಎಡಗಾಲು ಎಳೆದ ಹಾಗಾಯಿತಂತೆ. ಶುಗರ್‌ದು ಅಂತ ಮಲಗಿದರು. ಸಂಜೆ ಕೈಯೂ ಹೋಯಿತು. ಆಸ್ಪತ್ರೆಗೆ ಬಂದದ್ದು ಮಾರನೇ ದಿನ. ಅವರ ಮನೆಯವರು ದಿನಾ ಫ್ಲಾಸ್ಕ್‌ನಲ್ಲಿ ತರುತ್ತಿದ್ದ ಬಿಸಿನೀರಲ್ಲಿ ಅರ್ಧ ನನ್ನ ಹೆಂಡತಿಗೆ ಕೊಡುತ್ತಿದ್ದರು. ಐದನೇ ದಿನ ಬೆಳಿಗ್ಗೆ ಎದ್ದಾಗ ಬೆಡ್ ಖಾಲಿ ಇತ್ತು. ಫ್ಲಾಸ್ಕ್ ನಮ್ಮ ಕಡೆಯ ಮೇಜಿನ ಮೇಲೇ ಉಳಿದಿತ್ತು. ಅಮ್ಮ, ನೀವು ಇದನ್ನು ಓದಿದರೆ, ಅದು ನಮ್ಮ ಮನೆಯಲ್ಲಿದೆ.

ಮನೆಗೆ ಬಂದ ಮೇಲೆ ಫಿಸಿಯೋ ಮಾಡಲು ಬರುತ್ತಿದ್ದ ಹುಡುಗ. ಅವನ ತಲೆ ಭಾರಿ ಚುರುಕು. ರಬ್ಬರ್ ಚೆಂಡು ಕೊಟ್ಟು ನೋಡಿದ, ನನಗೆ ಬೇಜಾರು. ಒಂದು ದಿನ ಅಂಗಡಿಗೆ ಹೋಗಿ ಗುಂಡಿಯ ಡಬ್ಬ ಎತ್ತಿಕೊಂಡು ಬಂದು ತಟ್ಟೆಗೆ ಸುರಿದ. ಶರ್ಟಿನ ಗುಂಡಿ ಒಂದು ಕಡೆ, ಕೋಟಿನ ಗುಂಡಿ ಒಂದು ಕಡೆ, ಬಲಗೈಯಲ್ಲೇ ಆರಿಸಬೇಕು. ಮೊದಲ ದಿನ ಹತ್ತು ನಿಮಿಷಕ್ಕೆ ಒಂದೇ ಗುಂಡಿ, ಅದೂ ಕೆಳಗೆ ಬಿತ್ತು. ಎರಡು ತಿಂಗಳಿಗೆ ನಲವತ್ತಾಯಿತು. ಸೋತ ಕೈಯನ್ನು ಹಿಡಿದು ಎಳೆದು ಎಬ್ಬಿಸಬಾರದು, ಭುಜ ಜಾರುತ್ತದೆ ಅಂತ ನೋಡಲು ಬಂದ ನೆಂಟರಿಗೆಲ್ಲ ಪಾಠ ಮಾಡಿದವನೂ ಅವನೇ. ಪಾದಕ್ಕೆ ಮೊದಲೇ ಜೋಮು ಇದ್ದದ್ದರಿಂದ ನಡಿಗೆ ಬೇಗ ಕುದುರಲಿಲ್ಲ. ಚಪ್ಪಲಿ ಕಳಚಿ ಹೋದದ್ದೇ ತಿಳಿಯದೆ ಹತ್ತು ಹೆಜ್ಜೆ ಹೋಗಿದ್ದುಂಟು. ಈಗ ದಿನಾ ರಾತ್ರಿ ಹೆಂಡತಿ ಟಾರ್ಚ್ ಹಿಡಿದು ನನ್ನ ಪಾದ ನೋಡುತ್ತಾಳೆ, ಗಾಯ ಇದೆಯಾ ಅಂತ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇಷ್ಟು ಗಮನ ಯಾವತ್ತೂ ಸಿಕ್ಕಿರಲಿಲ್ಲ.

ನಡುವೆ ಒಂದು ಕೆಟ್ಟ ಕಾಲ ಬಂತು. ಸುಮ್ಮಸುಮ್ಮನೆ ಅಳು. ಊಟ ಬೇಡ, ಯಾರೂ ಬೇಡ. ಇದೂ ಸ್ಟ್ರೋಕ್ ಆದ ಮೇಲೆ ಬರುವ ಕಾಯಿಲೆಯೇ, ಮಾತ್ರೆ ಇದೆ ಅಂತ ಡಾಕ್ಟರ್ ಹೇಳಿದ ಮೇಲೇ ಹೆದರಿಕೆ ಹೋದದ್ದು. ಆಗ ದಿನಾ ಸಂಜೆ ಬಂದು ಏನೂ ಮಾತಾಡದೆ ಪಕ್ಕದಲ್ಲಿ ಕೂತು ಪೇಪರ್ ಓದಿ ಹೋಗುತ್ತಿದ್ದ ಟೀ ಅಂಗಡಿಯ ಗೆಳೆಯನಿಗೆ ಇಷ್ಟೇ ಹೇಳುತ್ತೇನೆ: ನೀನು ಕ್ರೀಡಾಪುಟ ತಲೆಕೆಳಗಾಗಿ ಹಿಡಿದು ಕೂತಿದ್ದು ನನಗೆ ಗೊತ್ತಾಗಿತ್ತು.

ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್‌ನಲ್ಲಿ (HbA1c) ಆಗ 9.8 ಇತ್ತು, ಈಗ 7.1. ಬಿಪಿ 130ರ ಒಳಗಿದೆ. ರಕ್ತ ತೆಳು ಮಾಡುವ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಮಗಳು ಎಣಿಸುತ್ತಾಳೆ. ಮಾತು ಸ್ವಲ್ಪ ನಿಧಾನ. ಪ್ಯಾಂಟ್ ಕಟಿಂಗ್ ಇನ್ನೂ ನಂಬಿ ಕೊಡಬೇಡಿ. ಆಲ್ಟ್ರೇಷನ್, ಹುಕ್ಸ್, ಕಾಜ ಆಗುತ್ತದೆ. ಆ ವರ್ಷ ತೇರಿಗೆ ಹೊಸ ಬಟ್ಟೆ ಇಲ್ಲದೆ ಹೋದರೂ ಅಡ್ವಾನ್ಸ್ ವಾಪಸ್ ಕೇಳದ 31 ಜನರ ಪಟ್ಟಿ ನನ್ನ ಪುಸ್ತಕದಲ್ಲಿದೆ.

ಕೊನೆಗೆ ಆ ನರ್ಸಿಂಗ್ ಹುಡುಗಿಗೆ. ನಿನ್ನ ಬ್ಲೌಸ್ ರೆಡಿ ಇದೆ ಕಣಮ್ಮ, ಬಂದು ತಗೊಂಡು ಹೋಗು. ಹೊಲಿಯಲು ಹನ್ನೊಂದು ದಿನ ಹಿಡಿಯಿತು. ಕೆಳಗಿನ ಕೊನೆಯ ಹುಕ್ಸ್ ಸ್ವಲ್ಪ ಸೊಟ್ಟ, ಬಿಚ್ಚಿ ಹಾಕಲು ಮನಸ್ಸಾಗಲಿಲ್ಲ. ಲೈನಿಂಗ್ ಹೊಸದು ಹಾಕಿದ್ದೇನೆ. ಹಳೆಯದು ಕೊಡುವುದಿಲ್ಲ. ಚಾಕ್ ಅಳಿಸಿಹೋಗಿದೆ, ಜಾರಿದ ಗೆರೆಯೂ ಕಾಣುವುದಿಲ್ಲ. ಎಲ್ಲಿತ್ತು ಅಂತ ನನಗೆ ಗೊತ್ತು.